ಬೇಸ್ ಮಾಡೆಲ್ ಸಾಕು

ಜನವರಿ ೯

ಮಗಳಿಗೆ,

ನಿನ್ನ ಕಾಗದ ಮೊನ್ನೆ ತಲುಪಿತು. ಒಡೆಯುವ ಮೊದಲು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ಸಾಲು ಬರೆಯದವಳು, ಕೈಯಲ್ಲಿ ಫೋನ್ ಇಟ್ಟುಕೊಂಡು ಇದ್ದಕ್ಕಿದ್ದ ಹಾಗೆ ನಾಲ್ಕು ಪುಟ ಬರೆಯುತ್ತಾಳೆ ಎಂದರೆ ಒಂದೋ ದೊಡ್ಡ ಸುದ್ದಿ ಇರಬೇಕು, ಇಲ್ಲವೇ ಮುಚ್ಚಿಡುವ ಸುದ್ದಿ ಇರಬೇಕು. ಓದಿದರೆ ಬರೀ ಕಾರಿನ ವಿಷಯ. ಕೊನೆಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ, ಉತ್ತರವನ್ನು ಮನೆಗೆ ಹಾಕಬೇಡ, ನನ್ನ ಕ್ಲಿನಿಕ್ಕಿಗೆ ಹಾಕು ಎಂದಿದ್ದೀಯ. ಯಾಕೆ? ನಾನು ಲಾಂಡ್ರಿ ನಡೆಸುವವಳು. ಕಾಲರ್ ನೋಡಬೇಡಿ ಎನ್ನುವ ಗಿರಾಕಿಯ ಕಾಲರನ್ನೇ ಮೊದಲು ನೋಡುತ್ತೇನೆ.

ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ. ನೀನು ಬರೆದ ಮೂರೂ ಸಣ್ಣ ಎಸ್‌ಯುವಿಗಳ ಬ್ರೋಷರ್ ತರಿಸಿ ಇಸ್ತ್ರಿ ಮೇಜಿನ ಮೇಲೆ ಹರಡಿ ನೋಡಿದೆ. ಅವುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಗುಂಡಗಿನದು, ಉದ್ದ ಮೂಗಿನದು, ಚೌಕದ್ದು ಎಂದಿಟ್ಟುಕೊಂಡಿದ್ದೇನೆ. ಉದ್ದ ಮೂಗಿನದನ್ನು ಬಿಟ್ಟುಬಿಡು. ಅದರ ಡಿಕ್ಕಿಯ ಅಂಚು ಸೊಂಟದೆತ್ತರಕ್ಕಿದೆ. ರೋಗಿಗಳ ಮನೆಗೆ ಒಯ್ಯುವ ನಿನ್ನ ಮಡಿಸುವ ಮಂಚವನ್ನು ದಿನಾ ಅಲ್ಲಿಗೆ ಎತ್ತಿ ಹಾಕಿದರೆ, ಕೀಲು ನೋವಿಗೆ ವ್ಯಾಯಾಮ ಹೇಳಿಕೊಡುವ ನಿನಗೇ ಇನ್ನೊಬ್ಬರು ವ್ಯಾಯಾಮ ಹೇಳಿಕೊಡಬೇಕಾಗುತ್ತದೆ. ಗುಂಡಗಿನದರ ಸೀಟು ಮೆತ್ತಗೆ ಕಾಣುತ್ತದೆ, ಹಿಂದಿನ ಗಾಜು ಮಾತ್ರ ಅಂಗೈ ಅಗಲ; ಹಿಂದೆ ಬರುವವರು ಕಾಣದ ಕಾರು ನನಗೆ ಬೇಡ. ಚೌಕದ್ದು ನೋಡಲು ಪೆಟ್ಟಿಗೆ. ಆದರೆ ಹಿಂದಿನ ಸೀಟು ಮಡಿಸಿದರೆ ನೆಲ ಸಮವಾಗುತ್ತದೆ, ಬಾಗಿಲು ನೇರವಾಗಿ ತೆರೆಯುತ್ತದೆ. ಚೌಕದ್ದೇ ಸರಿ.

ಅದರಲ್ಲಿ ನಿಮ್ಮಿಬ್ಬರಿಗೂ ಜಗಳವಿಲ್ಲ ಎಂದು ಬರೆದಿದ್ದೀಯ. ಜಗಳವಿರುವುದು ಮಾಡೆಲ್ಲಿನಲ್ಲಿ. ಅಳಿಯಂದಿರು ಟಾಪ್ ಮಾಡೆಲ್ ಕೊಡಿಸುತ್ತೇನೆ ಎನ್ನುತ್ತಾರೆ, ನೀನು ಬೇಸ್ ಮಾಡೆಲ್ ಸಾಕು ಎನ್ನುತ್ತೀಯ. ಇದೇ ನನಗೆ ಗಂಟಲಲ್ಲಿ ಇಳಿಯದಿರುವುದು. ಪೆನ್ಸಿಲ್ ಡಬ್ಬಿ ಕೊಂಡರೂ ಎರಡಂತಸ್ತಿನದೇ ಬೇಕು ಎಂದು ಅಂಗಡಿಯ ಮುಂದೆ ಕೂತು ಅತ್ತವಳು ನೀನು. ಈಗ ಗಂಡ ತಾನಾಗಿ ಕೊಡಿಸುತ್ತೇನೆ ಎಂದರೆ ಬೇಡವೆನ್ನುತ್ತೀಯ.

ಅವರು ವಸ್ತುವಿನ ಬೆಲೆ ತಿಳಿದವರು. ಸಾಗಣೆ ಕಂಪನಿಯ ಅಷ್ಟು ಲಾರಿಗಳನ್ನು ಒಂದು ಪರದೆಯ ಮುಂದೆ ಕೂತು ನಡೆಸುವ ಮನುಷ್ಯ. ಹೋದ ವರ್ಷ ನಮ್ಮ ವ್ಯಾನಿಗೂ, ಗಾಡಿ ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಅಂಥದೇ ಡಬ್ಬಿ ಹಾಕಿಸಿಕೊಟ್ಟರಲ್ಲ, ಅದರಿಂದ ಎಷ್ಟು ಉಪಕಾರವಾಗಿದೆ ಗೊತ್ತೆ? ಕಳೆದ ವಾರ ಡ್ರೈವರನ್ನು ಕರೆದು ಕೇಳಿದೆ.

“ಹೋಟೆಲಿಂದ ನೇರವಾಗಿ ಬರೋದು ಬಿಟ್ಟು ಕೆರೆ ಹತ್ರ ಯಾಕೆ ನಿಂತಿದ್ದೆ?”

“ಟೀ ಕುಡಿಯೋಕೆ ಅಮ್ಮಾ.”

“ಅಲ್ಲಿ ಟೀ ಅಂಗಡಿ ಎಲ್ಲಿದೆ?”

“ಫ್ಲಾಸ್ಕಲ್ಲಿ ಒಯ್ದಿದ್ದೆ.”

ನೋಡು, ಉತ್ತರ ಹೇಗೆ ತಯಾರಾಗಿತ್ತು. ನೀನು ನಿನ್ನ ಉತ್ತರವನ್ನು ತಯಾರು ಮಾಡದೆ ಬರೆ.

ನಿನ್ನ ಅಮ್ಮ


ಜನವರಿ ೨೦

ಅಮ್ಮ,

ಕಾಗದ ಸಿಕ್ಕಿತು. ಚೌಕದ್ದೇ ಸರಿ ಎಂದೆಯಲ್ಲ, ಸಮಾಧಾನವಾಯಿತು.

ಬೇಸ್ ಮಾಡೆಲ್ ಯಾಕೆ ಎಂದರೆ, ನನಗೆ ಅಷ್ಟು ಸಾಕು. ಏರ್‌ಬ್ಯಾಗು, ಬ್ರೇಕು ಬೇಸ್, ಮಧ್ಯದ್ದು, ಟಾಪ್ ಮೂರೂ ಮಾಡೆಲ್ಲಿನಲ್ಲಿ ಒಂದೇ. ಇಂಜಿನ್ನೂ ಒಂದೇ. ಟಾಪ್ ಮಾಡೆಲ್ಲಿನಲ್ಲಿ ಹೆಚ್ಚಿಗೆ ಇರುವುದು ಸನ್‌ರೂಫು, ಹೊಳೆಯುವ ಚಕ್ರ, ದೊಡ್ಡ ಪರದೆ, ಫೋನಿಗೆ ಜೋಡಿಸುವ ಏರ್ಪಾಡು. ಸನ್‌ರೂಫ್ ತೆಗೆದು ನಾನು ಯಾರಿಗೆ ಕೈ ಬೀಸಲಿ? ಕೀಲಿ ಹಾಕಿ ತಿರುಗಿಸಿದರೆ ಹೊರಡುವ ಕಾರು ಸಾಕು.

ಕಾಗದ ಯಾಕೆ ಎಂದು ಕೇಳಿದ್ದೀಯ. ಬರೆಯುವಾಗ ಯೋಚಿಸಲು ಸಮಯ ಸಿಗುತ್ತದೆ, ಅದಕ್ಕೆ. ನಾನು ನಿನಗೆ ಬರೆಯುತ್ತಿದ್ದೇನೆಂದು ಅವರಿಗೆ ಹೇಳಬೇಡ. ದೊಡ್ಡ ವಿಷಯವೇನಲ್ಲ, ಆದರೂ ಬೇಡ.

ನಿನ್ನ ಊರಿನ ಶೋರೂಮಿನಲ್ಲಿ ಎರಡನ್ನೂ ಒಮ್ಮೆ ಕೂತು ನೋಡುತ್ತೀಯಾ? ನೀನು ಬೇಸ್ ಸಾಕು ಎಂದರೆ ಅವರು ಎದುರಾಡುವುದಿಲ್ಲ. ನಿನ್ನ ಮಾತಿಗೆ ಬೆಲೆ ಕೊಡುತ್ತಾರೆ.

ನಿನ್ನ ಮಗಳು


ಫೆಬ್ರವರಿ ೨

ಮಗಳಿಗೆ,

ಶೋರೂಮಿಗೆ ಹೋಗಿದ್ದೆ. ಮಾರಾಟದವನು ನನ್ನ ಚಪ್ಪಲಿ ನೋಡಿ ಮೊದಲು ಕುರ್ಚಿ ಕೊಡಲಿಲ್ಲ. ಅಲ್ಲೇ ವ್ಯಾನು ಕೊಂಡವಳು ಎಂದು ತಿಳಿದ ಮೇಲೆ ಕುರ್ಚಿಯೂ ಬಂತು, ಕಾಫಿಯೂ ಬಂತು. ಬೇಸ್ ಮಾಡೆಲ್ ತೋರಿಸು ಎಂದರೆ ಟಾಪ್ ಮಾಡೆಲ್ಲಿನ ಬಾಗಿಲು ತೆಗೆದು ನಿಂತ.

“ಟಾಪ್ ನೋಡಿದ ಮೇಲೆ ಬೇಸ್ ಕಡೆ ಯಾರೂ ತಿರುಗಿ ನೋಡಲ್ಲ ಮೇಡಂ.”

“ಯಾರೂ ನೋಡದೇ ಇರೋದನ್ನ ಮಾಡೋದ್ಯಾಕಪ್ಪ?”

“ಅದು... ಜಾಹೀರಾತಲ್ಲಿ ಬೆಲೆ ಕಮ್ಮಿ ಅಂತ ಹಾಕೋಕೆ.”

ನಿಜ ಹೇಳಿದ್ದಕ್ಕೆ ಅವನನ್ನು ಮೆಚ್ಚಿಕೊಂಡೆ. ಟಾಪ್ ಮಾಡೆಲ್ಲಿನ ಒಳಗೆ ಕೂತೆ. ಸೀಟಿನ ಹೊದಿಕೆ ಚರ್ಮದ್ದಲ್ಲ, ಚರ್ಮದ ಹಾಗೆ ಕಾಣುವುದು. ಉಗುರಿನಿಂದ ಒತ್ತಿದರೆ ಗೆರೆ ಉಳಿಯುತ್ತದೆ. ಸನ್‌ರೂಫ್ ಬೇಡ ಎಂದೆಯಲ್ಲ, ಸರಿಯಾಗಿಯೇ ಹೇಳಿದ್ದೀಯ. ನಡುನೆತ್ತಿಯ ಮೇಲೆ ಬಿಸಿಲು ಬೀಳಿಸಿಕೊಳ್ಳಲು ದುಡ್ಡು ಯಾಕೆ ಕೊಡಬೇಕು? ಬೇಸಿನಲ್ಲಿ ಹಿಂದಿನ ಕಿಟಕಿಗಳನ್ನು ಕೈಯಿಂದ ತಿರುಗಿಸಬೇಕು, ಹಿಂದಿನ ಗಾಜಿಗೆ ವೈಪರ್ ಇಲ್ಲ. ಉಳಿದದ್ದಕ್ಕೆ ಕೊರತೆಯಿಲ್ಲ.

ಆಮೇಲೆ ಅವನು ಫೋನ್ ತೆಗೆದ.

“ಇದು ನೋಡಿ ಮೇಡಂ, ಟಾಪಲ್ಲಿ ಮಾತ್ರ ಇರೋದು. ಕಾರು ಎಲ್ಲಿದೆ, ಎಲ್ಲಿ ನಿಂತಿತ್ತು, ಎಷ್ಟು ಹೊತ್ತು ನಿಂತಿತ್ತು, ಎಲ್ಲಾ ಗೊತ್ತಾಗುತ್ತೆ. ಮ್ಯಾಪಲ್ಲಿ ಹಿಂಗೆ ಒಂದು ಸುತ್ತು ಹಾಕಿಟ್ರೆ, ಕಾರು ಅದನ್ನ ದಾಟಿದ ತಕ್ಷಣ ಫೋನು ಕೂಗ್ಕೊಳ್ಳುತ್ತೆ.”

“ಯಾರ ಫೋನು?”

“ಓನರ್‌ದು.”

“ಓನರ್ ಬೇರೆ, ಓಡಿಸೋರು ಬೇರೆ ಆದ್ರೆ?”

“ಅದಕ್ಕೇ ಅಲ್ವಾ ಇದನ್ನ ಕೊಟ್ಟಿರೋದು.”

ಕಳ್ಳಕಾಕರ ಕಾಲ, ಒಳ್ಳೆಯ ಏರ್ಪಾಡು ಎನಿಸಿತು. ಮನೆಗೆ ಬಂದು ನಿನ್ನ ಎರಡು ಕಾಗದಗಳನ್ನೂ ಮತ್ತೆ ಓದಿದೆ. ಸನ್‌ರೂಫಿನ ಬಗ್ಗೆ ತಮಾಷೆ ಮಾಡಿದ್ದೀಯ. ಚಕ್ರದ ಬಗ್ಗೆ, ಪರದೆಯ ಬಗ್ಗೆ ಬರೆದಿದ್ದೀಯ. ಇದೊಂದನ್ನು ಮಾತ್ರ ಸಾಲಿನ ಕೊನೆಯಲ್ಲಿ, ಯಾರೂ ನೋಡದ ಹಾಗೆ ಇಟ್ಟಿದ್ದೀಯ. ನಾನು ಹೈಸ್ಕೂಲಿಗೆ ನಿಂತವಳು. ಆದರೆ ಕೂಡುವುದು ಕಳೆಯುವುದು ನನಗೆ ಬರುತ್ತದೆ. ಟಾಪಿನಿಂದ ಬೇಸನ್ನು ಕಳೆದರೆ ಉಳಿಯುವುದರಲ್ಲಿ ನಿನಗೆ ಬೇಡವಾಗಿರುವುದು ಇದೊಂದೇ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ರೋಗಿಗಳ ಮನೆಯೆಂದು ಹೇಳಿ ನೀನು ಎಲ್ಲಿಗೆ ಹೋಗುತ್ತೀಯ? ಯಾರನ್ನು ನೋಡಲು? ನನ್ನ ಮಗಳು ತಲೆ ತಗ್ಗಿಸುವ ಕೆಲಸ ಮಾಡುವವಳಲ್ಲ ಎಂದು ಈ ಬೀದಿಯಲ್ಲಿ ತಲೆಯೆತ್ತಿ ಓಡಾಡುತ್ತಿರುವವಳು ನಾನು.

ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತು. ಬಟ್ಟೆ ಸುಟ್ಟಿದೆ ಎಂದು ಗಿರಾಕಿ ಬಂದರೆ, ಇಸ್ತ್ರಿ ಹಾಕಿದವರನ್ನೂ ಕರೆದು ನಿಲ್ಲಿಸಿ, ಇಬ್ಬರ ಮಾತನ್ನೂ ಕೇಳದೆ ನಾನು ತೀರ್ಮಾನ ಹೇಳಿದವಳಲ್ಲ. ಅದಕ್ಕೇ ನಿನ್ನೆ ಅಳಿಯಂದಿರಿಗೂ ಒಂದು ಕಾಗದ ಹಾಕಿದೆ. ನೀನು ನನಗೆ ಬರೆಯುತ್ತಿರುವುದನ್ನು, ಬೇಸ್ ಮಾಡೆಲ್ಲಿಗೆ ಹಟ ಹಿಡಿದಿರುವುದನ್ನು ತಿಳಿಸಿ, ನಿಮ್ಮ ಕಡೆಯ ಮಾತೇನು ಎಂದು ಕೇಳಿದ್ದೇನೆ. ಹೇಳಬೇಡ ಎಂದಿದ್ದೆ ನೀನು. ಬೇಡ ಎಂದದ್ದಕ್ಕೇ ಹೇಳಿದೆ.

ನಿನ್ನ ಅಮ್ಮ


ಫೆಬ್ರವರಿ ೧೧

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಸಂತೋಷವಾಯಿತು. ನೀವು ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕೇಳುವವರು. ಆ ಗುಣ ನಿಮ್ಮ ಮಗಳಿಗೂ ಇದ್ದಿದ್ದರೆ ನನ್ನ ಕೆಲಸ ಎಷ್ಟೋ ಹಗುರವಾಗುತ್ತಿತ್ತು.

ಅವಳು ನಿಮಗೆ ಬರೆಯುತ್ತಿರುವುದು ನನಗೆ ತಿಳಿದಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ. ಡಿಸೆಂಬರಿನಿಂದ ಕೆಲವು ದಿನ ಅವಳು ಕ್ಲಿನಿಕ್ಕಿನಿಂದ ನೇರ ದಾರಿಯಲ್ಲಿ ಬರದೆ ಬೇಕರಿ ಬೀದಿಯಿಂದ ಸುತ್ತಿ ಬರುತ್ತಿದ್ದಳು. ಸ್ಟೇಷನರಿ ಅಂಗಡಿಯ ಮುಂದೆ ಒಮ್ಮೆ, ಬೇಕರಿಯ ಎದುರಿನ ಬೆಂಚಿನ ಹತ್ತಿರ ಒಮ್ಮೆ ನಿಲ್ಲುತ್ತಿದ್ದಳು. ಕೇಳಿದರೆ ಸುಮ್ಮನೆ ಎನ್ನುತ್ತಿದ್ದಳು. ಸುಮ್ಮನೆ ಯಾರಾದರೂ ನಿಲ್ಲುತ್ತಾರೆಯೇ? ಸ್ಟೇಷನರಿ ಅಂಗಡಿಯ ವಿಷಯ ಈಗ ನಿಮ್ಮಿಂದ ಬಗೆಹರಿಯಿತು. ಬೆಂಚಿನದನ್ನು ಕೇಳಿ ತಿಳಿದುಕೊಳ್ಳುತ್ತೇನೆ.

ಟಾಪ್ ಮಾಡೆಲ್ಲನ್ನು ನನ್ನ ಹೆಸರಿನಲ್ಲಿ ಬುಕ್ ಮಾಡಿದ್ದೇನೆ, ಮುಂದಿನ ತಿಂಗಳ ಕೊನೆಗೆ ಬರುತ್ತದೆ. ಅವಳ ರೋಗಿಗಳ ಮನೆಗಳನ್ನೆಲ್ಲ ಗುರುತು ಹಾಕಿ ಸುತ್ತು ಎಳೆದಿಡುತ್ತೇನೆ. ದಾರಿ ತಪ್ಪುವ ಭಯ ಇರುವುದಿಲ್ಲ. ಎಲ್ಲ ಅವಳ ಒಳ್ಳೆಯದಕ್ಕೇ.

ಇನ್ನು ಮುಂದೆ ಅಂಚೆಯ ತಾಪತ್ರಯ ನಿಮಗೂ ಬೇಡ. ಭಾನುವಾರ ಸಂಜೆ ನಾನು ಮನೆಯಲ್ಲಿರುವಾಗ ಫೋನ್ ಮಾಡಿಸುತ್ತೇನೆ.

ನಿಮ್ಮ ಅಳಿಯ


ಫೆಬ್ರವರಿ ೨೦

ಮಗಳಿಗೆ,

ಈ ಕಾಗದ ನಿನಗೆ ಟವೆಲ್ಲುಗಳ ನಡುವೆ ಸಿಗುತ್ತದೆ. ಕ್ಲಿನಿಕ್ಕಿಗೆ ನಮ್ಮ ಲಾಂಡ್ರಿಯ ಮಾದರಿ ಎಂದು ಹೆಸರು ಬರೆದು ಪಾರ್ಸೆಲ್ ಕಳಿಸಿದ್ದೇನೆ. ಊರೂರಿನ ಕ್ಲಿನಿಕ್ಕುಗಳಿಗೆ ಹೀಗೆ ಕಳಿಸುವುದುಂಟು, ಯಾರಿಗೂ ಅನುಮಾನ ಬರುವುದಿಲ್ಲ.

ಅಳಿಯಂದಿರ ಕಾಗದವನ್ನು ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಓದಿದೆ. ಒಳ್ಳೆಯ ಕಾಗದ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಧ್ಯಾಹ್ನ ಹೋಟೆಲಿನ ಹಾಸುಬಟ್ಟೆ ಎಣಿಸುತ್ತ ನಿಂತಾಗ ಲೆಕ್ಕ ತಪ್ಪಿತು. ಮತ್ತೆ ಎಣಿಸಿದೆ, ಮತ್ತೆ ತಪ್ಪಿತು. ಇಸ್ತ್ರಿ ಹಾಕುವವಳು ನನ್ನ ಮುಖ ನೋಡಿ, “ಏನಕ್ಕ, ಇವತ್ತು ನಿಮ್ಮ ತಲೆಗೇ ಸೋಪು ಹಾಕ್ಬೇಕಾ?” ಎಂದಳು. ಅವಳ ಕೈಗೆ ಬಟ್ಟೆ ಕೊಟ್ಟು ಒಳಗೆ ಹೋಗಿ ಕಾಗದವನ್ನು ಮತ್ತೆ ತೆಗೆದೆ.

ಕಾರು ಇನ್ನೂ ಬಂದಿಲ್ಲ. ಬರದ ಕಾರು ಎಲ್ಲಿ ನಿಂತಿತ್ತು ಎಂದು ಯಾವ ಡಬ್ಬಿಯೂ ಹೇಳುವುದಿಲ್ಲ. ಹಾಗಿದ್ದರೆ ನೀನು ಬೆಂಚಿನ ಹತ್ತಿರ ನಿಂತದ್ದು ಅವರಿಗೆ ಹೇಗೆ ಗೊತ್ತಾಯಿತು?

ಭಾನುವಾರ ಫೋನ್ ಬಂತು. ನಾನು ಚೆನ್ನಾಗಿದ್ದೀಯಾ ಎಂದರೆ ನೀನು ಚೆನ್ನಾಗಿದ್ದೀನಿ ಎಂದೆ. ಊಟ ಮಾಡಿದೆಯಾ ಎಂದರೆ ಮಾಡಿದೆ ಎಂದೆ. ಕೆಲಸ ಹೇಗಿದೆ ಎಂದು ಕೇಳಿದರೆ “ಸ್ವಲ್ಪ ಕಡಿಮೆ ಮಾಡಿಸ್ತಿದೀನಿ ಅತ್ತೆ, ಸುಸ್ತಾಗ್ತಾಳೆ” ಎಂದು ಉತ್ತರ ಬಂತು. ನಾನು ಕೇಳಿದ್ದು ನಿನ್ನನ್ನು.

ಈ ಸಲ ಉತ್ತರ ತಯಾರು ಮಾಡಿಯಾದರೂ ಸರಿ, ಮಾಡದೆಯಾದರೂ ಸರಿ. ಬರೆ.

ನಿನ್ನ ಅಮ್ಮ


ಮಾರ್ಚ್ ೪

ಅಮ್ಮ,

ಒಬ್ಬ ಅಜ್ಜಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವರು ಮೊಣಕಾಲು ಮಡಿಸಿ ಬಿಡಿಸಿ ಮಾಡುತ್ತಿದ್ದಾರೆ, ನಾನು ಎಣಿಸುತ್ತಿದ್ದೇನೆ. ಇದನ್ನು ಅವರ ಸೊಸೆ ಅಂಚೆಗೆ ಹಾಕುತ್ತಾರೆ. ನಾನು ಈಗ ಯಾವ ಅಂಗಡಿಯ ಮುಂದೆಯೂ ನಿಲ್ಲುವ ಹಾಗಿಲ್ಲ.

ಅವರಿಗೆ ಗೊತ್ತಾಗುವುದು ನನ್ನ ಫೋನಿನಿಂದ ಅಮ್ಮ. ಮದುವೆಯಾದ ವರ್ಷದಿಂದಲೂ. ಮೊದಮೊದಲು ನನಗೂ ಹಿತವಾಗಿತ್ತು, ನನ್ನನ್ನು ಇಷ್ಟು ನೋಡಿಕೊಳ್ಳುವವರಿದ್ದಾರೆ ಎಂದು. ಈಗ ಪ್ರತಿ ಸಂಜೆ ಊಟಕ್ಕೆ ಕೂತಾಗ ಅವತ್ತಿನ ದಾರಿಯನ್ನು ಒಂದೊಂದಾಗಿ ಕೇಳುತ್ತಾರೆ. ಬೈಯುವುದಿಲ್ಲ. ಉತ್ತರ ಸರಿಯಾಗುವ ತನಕ ಕೇಳುತ್ತಾರೆ, ಅಷ್ಟೇ. ಊಟ ಆರಿಹೋಗುತ್ತದೆ.

ನೀನು ಅವರಿಗೆ ಬರೆದ ಕಾಗದವನ್ನು ನನಗೆ ಓದಿ ತೋರಿಸಿದರು. ನಿನ್ನ ಅಕ್ಷರ ಚೆನ್ನಾಗಿದೆ ಎಂದರು.

ಎಲ್ಲಿಗೆ ಹೋಗುತ್ತೀಯ, ಯಾರನ್ನು ನೋಡಲು ಎಂದು ಕೇಳಿದ್ದೆ. ಎಲ್ಲಿಗೂ ಇಲ್ಲ ಅಮ್ಮ. ಯಾರನ್ನೂ ಅಲ್ಲ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿರುತ್ತಿದ್ದೆ. ಎದುರಿಗೆ ಬೇಕರಿಯವನು ತಟ್ಟೆಗಳನ್ನು ಒರೆಸುತ್ತಿರುತ್ತಾನೆ. ಅದನ್ನು ನೋಡುತ್ತ ಕೂತಿರುತ್ತಿದ್ದೆ. ಇದನ್ನು ನಿನಗೆ ಮೊದಲೇ ಬರೆಯಬಹುದಿತ್ತು. ಬರೆದಿದ್ದರೆ ನೀನೂ, ಅಲ್ಲಿ ಯಾಕೆ ಕೂತಿದ್ದೆ ಎಂದು ಕೇಳುತ್ತಿದ್ದೆ.

ಕಾರು ಬಂದ ಮೇಲೆ ಫೋನನ್ನು ಕ್ಲಿನಿಕ್ಕಿನಲ್ಲಿ ಮರೆತೆ ಎಂದೂ ಹೇಳಲಾಗುವುದಿಲ್ಲ. ಕಾರೇ ಹೇಳುತ್ತದೆ. ಬೇಸ್ ಮಾಡೆಲ್ ಕೇಳಿದ್ದು ಅದಕ್ಕೆ.

ಅಜ್ಜಿಯ ವ್ಯಾಯಾಮ ಮುಗಿಯಿತು.

ನಿನ್ನ ಮಗಳು


ಮಾರ್ಚ್ ೧೪

ಮಗಳಿಗೆ,

ಈ ಸಲದ್ದು ದಿಂಬಿನ ಚೀಲಗಳ ಮಾದರಿ. ಬಿಚ್ಚಿ ನೋಡಿ ಮೊದಲಿನಂತೆ ಮಡಿಸಿಡು.

ಚೌಕದ್ದು ಬಂದಿದೆ. ಬೇಸ್ ಮಾಡೆಲ್. ಲಾಂಡ್ರಿಯ ಹೆಸರಿನಲ್ಲಿ ಕೊಂಡಿದ್ದೇನೆ, ಕಾಗದಪತ್ರ ನನ್ನ ಹತ್ತಿರ ಇದೆ. ಮಾರಾಟದವನು ಕೊನೆಯ ಗಳಿಗೆಯವರೆಗೂ ಬಿಡಲಿಲ್ಲ.

“ಮೇಡಂ, ಮಧ್ಯದ್ದಾದ್ರೂ ತಗೊಳ್ಳಿ. ಬೇಸಲ್ಲಿ ಏನೂ ಇಲ್ಲ.”

“ಏನೂ ಇಲ್ಲ ಅಂತಾನೇ ತಗೊಳ್ತಿರೋದು.”

ಅವನ ಮಾತನ್ನೂ ನಾನು ನಂಬಲಿಲ್ಲ. ನಮ್ಮ ವ್ಯಾನು ನೋಡುವ ಮೆಕ್ಯಾನಿಕ್ಕನ್ನು ಕರೆಸಿ ಸೀಟಿನ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ, ಬಂಪರಿನ ಒಳಗೆ ಎಲ್ಲ ಹುಡುಕಿಸಿದೆ. ಯಾವ ಡಬ್ಬಿಯೂ ಇಲ್ಲ. ಬಣ್ಣ ಬಿಳಿ. ಬಿಳಿ ಕಾರು ಬೀದಿಯಲ್ಲಿ ಎಷ್ಟೋ ಇರುತ್ತವೆ, ಯಾರ ಕಣ್ಣಿಗೂ ಬೇರೆಯಾಗಿ ಬೀಳುವುದಿಲ್ಲ.

ಬುಧವಾರ ಡ್ರೈವರ್ ಅದನ್ನು ತಂದು ಕ್ಲಿನಿಕ್ಕಿನ ಹಿಂದಿನ ಗೇಟಿನ ಹತ್ತಿರ ನಿಲ್ಲಿಸುತ್ತಾನೆ, ಕೀಲಿಯನ್ನು ನಿನ್ನ ಕೈಗೇ ಕೊಡುತ್ತಾನೆ. ಹೊರಡುವ ಮುಂಚೆ ಅವನು ಕೇಳಿದ.

“ಅಮ್ಮಾ, ಈ ಗಾಡೀಲಿ ನಾನೆಲ್ಲಿದೀನಿ ಅಂತ ನಿಮಗೆ ಕಾಣಲ್ವಾ?”

“ಕಾಣಲ್ಲ.”

“ಹಂಗಾದ್ರೆ ದಾರೀಲಿ ಒಂದು ನಿದ್ದೆ ತೆಗೀಬಹುದು.”

“ಕಾರು ಒಪ್ಪಿಸಿ ಆಮೇಲೆ ಬಸ್ಸಲ್ಲಿ ತೆಗಿ.”

ಟ್ಯಾಂಕ್ ತುಂಬಿಸಿದ್ದೇನೆ. ಹಿಂದಿನ ಸೀಟು ಮಡಿಸಿ, ಹೊದಿಕೆ, ಹಾಸುಬಟ್ಟೆ, ಟವೆಲ್ಲು ಇಟ್ಟಿದ್ದೇನೆ. ನಿನ್ನ ಮಂಚಕ್ಕೆ ಜಾಗ ಉಳಿದಿದೆ. ಫೋನನ್ನು ಕ್ಲಿನಿಕ್ಕಿನ ಮೇಜಿನ ಖಾನೆಯಲ್ಲಿ ಇಟ್ಟು ಹೊರಡು. ಅದು ದಿನವಿಡೀ ಕೆಲಸದಲ್ಲಿದ್ದೇನೆ ಎಂದು ಹೇಳುತ್ತಿರಲಿ.

ಇಲ್ಲಿಗೆ ಬರಬೇಕೆನಿಸಿದರೆ ಬಾ. ನಿನ್ನ ಕೋಣೆಯಲ್ಲಿ ಸೋಪಿನ ಡಬ್ಬಗಳಿದ್ದವು, ತೆಗೆಸಿದ್ದೇನೆ. ಆದರೆ ಅವರು ಮೊದಲು ಹುಡುಕುವುದು ಇಲ್ಲೇ. ಬೇರೆ ಕಡೆ ಹೋಗಬೇಕೆನಿಸಿದರೆ ಹೋಗು. ಸಂಜೆಗೆ ಅದೇ ಮನೆಗೆ ವಾಪಸ್ ಹೋಗುತ್ತೇನೆ ಎಂದರೂ ಕಾರು ನಿನ್ನದೇ, ಆ ಬೆಂಚಿನ ಹತ್ತಿರ ನಿಲ್ಲಿಸಿಕೊಂಡು ಕೂತಿರು. ಯಾವುದು ಎಂದು ನೀನೇ ನೋಡಿಕೋ. ನನಗೆ ಬರೆಯಬೇಡ.

ಮೆಕ್ಯಾನಿಕ್ ಒಂದು ಮಾತು ಹೇಳಿದ, ಹೊಸ ಗಾಡಿ, ಮೊದಲು ಜೋರಾಗಿ ಓಡಿಸಬಾರದಂತೆ. ನನ್ನ ಮಾತು ಕೇಳುವುದಾದರೆ, ಊರು ದಾಟುವ ತನಕ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ.

ನಿನ್ನ ಅಮ್ಮ


ಮಾರ್ಚ್ ೨೯

ಅಳಿಯಂದಿರಿಗೆ,

ನಿಮ್ಮ ಕಾಗದ, ಅದಕ್ಕೂ ಮುಂಚೆ ನಿಮ್ಮ ಫೋನುಗಳು, ಎಲ್ಲ ತಲುಪಿದವು. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನಾನು ಮನೆಯ ಮಾತು ಆಡುವುದಿಲ್ಲ, ಅದಕ್ಕೆ ಫೋನ್ ಇಟ್ಟುಬಿಟ್ಟೆ. ಕಾಗದಕ್ಕೆ ಉತ್ತರ ಕೊಡುವುದು ಮರ್ಯಾದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಮೂರು ವಿಷಯ ಕೇಳಿದ್ದೀರಿ.

ಬಿಳಿ ಕಾರು ಯಾರದು ಎಂದು ಕೇಳಿದ್ದೀರಿ. ನನ್ನದು. ನನ್ನ ಕಾರನ್ನು ನನ್ನ ಮಗಳು ಓಡಿಸುತ್ತಾಳೆ. ಇದರಲ್ಲಿ ಪೊಲೀಸರಿಗೆ ದೂರು ಕೊಡುವಂಥದ್ದು ನನಗೇನೂ ಕಾಣುವುದಿಲ್ಲ. ನಿಮಗೆ ಕಂಡರೆ ಕೊಡಿ, ಕಾರಿನ ಪತ್ರ ಹಿಡಿದುಕೊಂಡು ನಾನೇ ಬರುತ್ತೇನೆ.

“ನಿಮ್ಮ ವ್ಯಾನಿಗೆ ನನ್ನ ಕೈಯಿಂದಲೇ ಡಬ್ಬಿ ಹಾಕಿಸಿಕೊಂಡು, ಡ್ರೈವರ್ ಎಲ್ಲಿ ನಿಂತ ಎಂದು ದಿನಾ ನೋಡುವವರು ನೀವು, ನನ್ನದು ಹೇಗೆ ತಪ್ಪಾಯಿತು?” ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ವ್ಯಾನಿನ ತುಂಬ ಹೋಟೆಲಿನವರ ಬಟ್ಟೆ ಇರುತ್ತದೆ, ಅದಕ್ಕೆ ನಾನು ಜವಾಬು ಹೇಳಬೇಕು. ಡಬ್ಬಿಯನ್ನು ತೆಗೆಸುವುದಿಲ್ಲ. ವ್ಯಾನು ಬೇರೆ, ಮಗಳು ಬೇರೆ. ಇದು ನನಗೆ ತಿಳಿಯಲು ಸ್ವಲ್ಪ ತಡವಾಯಿತು. ನಿಮಗೆ ಇನ್ನೂ ತಿಳಿದ ಹಾಗೆ ಕಾಣುವುದಿಲ್ಲ.

ಕೊನೆಯದು, ಅವಳು ಎಲ್ಲಿದ್ದಾಳೆ ಎಂದು ಕೇಳಿದ್ದೀರಿ. ಹೆಂಡತಿಯ ಸುದ್ದಿ ತಿಳಿಯುವ ಹಕ್ಕು ನಿಮಗಿದೆ ಎಂದಿದ್ದೀರಿ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೋದ ವಾರ ಯಾವುದೋ ಅಂಗಡಿಯ ಫೋನಿನಿಂದ ಮಾತಾಡಿದಳು. “ಅಮ್ಮ, ಮೂರನೇ ಗೇರು ಸ್ವಲ್ಪ ಬಿಗಿ” ಎಂದಳು. “ಓಡಿಸ್ತಾ ಓಡಿಸ್ತಾ ಸಡಿಲ ಆಗುತ್ತೆ” ಎಂದೆ. “ಹೂಂ, ಆಗ್ತಿದೆ” ಎಂದಳು. ಅಷ್ಟೇ ಮಾತು.

ನೀವು ನಂಬುವುದಿಲ್ಲ. ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಕಳೆದುಹೋದ ಗುಂಡಿಗೂ ಹತ್ತು ಪ್ರಶ್ನೆ ಕೇಳುವವಳು ನಾನು. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಹೇಳಿದ್ದರೆ ಇವತ್ತು ನಿಮಗೆ ಸುಳ್ಳು ಬರೆಯಬೇಕಾಗುತ್ತಿತ್ತು. ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ.

ಆದ್ದರಿಂದ ಎಲ್ಲಿದ್ದೀಯ ಎಂದು ನಾನು ಕೇಳಲಿಲ್ಲ.

ನಿಮ್ಮ ಅತ್ತೆ